ಹಾಲುಹಲ್ಲು ತಾನೇ ಅಂತ ಉಳಿಸಿದ 1,200 ರೂಪಾಯಿ

ಒಬ್ಬರ ಸಂಬಳ, ಇಬ್ಬರು ಮಕ್ಕಳು, ತಿಂಗಳಿಗೆ ಎರಡು ಸಾವಿರವಾದರೂ ಉಳಿಯುವ ಹಾಗೆ ಮನೆಯಲ್ಲೇ ಮಾಡುವ ಉಪಾಯ ಹೇಳಿ ಅಂತ ಕೇಳಿದ್ದೀರಿ. ಈಗಾಗಲೇ ಏನೇನು ಉಳಿಸುತ್ತಿದ್ದೀರಿ ಅನ್ನುವ ಪಟ್ಟಿಯನ್ನೂ ಕೊಟ್ಟಿದ್ದೀರಿ. ಅದರ ನಡುವೆ ಒಂದು ಸಾಲಿದೆ: "ಐದು ವರ್ಷದ ಮಗಳ ದವಡೆ ಹಲ್ಲು ಹುಳುಕಾಗಿದೆ, ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಬಿಟ್ಟಿದ್ದೇವೆ." ನಾನು ಅಲ್ಲೇ ನಿಂತುಬಿಟ್ಟೆ. ಮಿಕ್ಕಿದ್ದು ಆಮೇಲೆ. ಮೊದಲು ಆ ಹಲ್ಲು.

2018ರಲ್ಲಿ ನನ್ನ ಮಗನಿಗೂ ಐದು ವರ್ಷ. ನಾವು ಇರುವುದು ದಾವಣಗೆರೆ. ನಮ್ಮ ಮನೆಯವರು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, 17 ಸಾವಿರ ಸಂಬಳ. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿ ಅಷ್ಟಿಷ್ಟು ದುಡಿಯುತ್ತಿದ್ದೆ. ಎರಡನೆಯದು ಹೊಟ್ಟೆಯಲ್ಲಿತ್ತು. ನಿಮ್ಮ ಹಾಗೇ ನಾನೂ ಲೆಕ್ಕದ ಪುಸ್ತಕ ಇಟ್ಟಿದ್ದೆ. ಕೊತ್ತಂಬರಿ ಕಟ್ಟಿನ ಐದು ರೂಪಾಯಿಯನ್ನೂ ಬಿಡದೆ ಬರೆಯುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಶಾಲೆಯಲ್ಲಿ ಹಲ್ಲು ನೋಡಿ ಒಂದು ಚೀಟಿ ಕೊಟ್ಟು ಕಳಿಸಿದರು. ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಕೆಳಗಿನ ದವಡೆಯಲ್ಲಿ ಅಕ್ಕಪಕ್ಕದ ಎರಡು ಹಲ್ಲು ಹುಳುಕು. ಸಿಮೆಂಟ್ ತುಂಬಿದರೆ ಸಾಕು, ಒಂದಕ್ಕೆ 600, ಎರಡಕ್ಕೆ 1,200 ಅಂದರು. ಯೋಚನೆ ಮಾಡಿ ಬರುತ್ತೇವೆ ಅಂತ ಎದ್ದು ಬಂದೆ. ಮನೆಗೆ ಬಂದು ಹೇಳಿದರೆ ಅತ್ತೆ, "ಉದುರಿ ಹೋಗೋ ಹಲ್ಲಿಗೆ ಯಾರಾದ್ರೂ ದುಡ್ಡು ಸುರೀತಾರೇನವ್ವ" ಅಂದರು. ಅವರನ್ನು ದೂರುವುದಿಲ್ಲ. ನನ್ನ ಮನಸ್ಸಲ್ಲಿದ್ದದ್ದೂ ಅದೇ.

ಆ ತಿಂಗಳ ಲೆಕ್ಕದ ಕೊನೆಯಲ್ಲಿ "ಹಲ್ಲು – 1,200, ಮುಂದಿನ ತಿಂಗಳು" ಅಂತ ಬರೆದೆ. ಮುಂದಿನ ತಿಂಗಳು ದೀಪಾವಳಿ. ಅದರ ಮುಂದಿನ ತಿಂಗಳು ಬಾಡಿಗೆ ಏರಿಸಿದರು. ಆಮೇಲೆ ನನ್ನ ಸ್ಕ್ಯಾನಿಂಗ್, ಸೀಮಂತ, ಹೆರಿಗೆ. ಆ ಪುಸ್ತಕ ಇನ್ನೂ ಇದೆ. ಎಂಟು ತಿಂಗಳು, ಎಂಟು ಪುಟದ ಕೊನೆಯಲ್ಲಿ ಅದೇ ಸಾಲು. ಮೊದಲ ಪುಟದಲ್ಲಿ ಪೂರ್ತಿ ಬರೆದಿದ್ದೇನೆ. ನಾಲ್ಕನೇ ತಿಂಗಳಿಗೆ "ಹಲ್ಲು" ಅಂತ ಅಷ್ಟೇ ಇದೆ. ಕೊನೆಕೊನೆಗೆ ಸುಮ್ನೆ ಒಂದು "ಹ".

ನನ್ನ ತಪ್ಪು ಸರಿಯಾಗಿ ಎಲ್ಲಿ ಅಂತ ಹೇಳಬೇಕು, ಯಾಕೆಂದರೆ ನೀವು ಅದೇ ಜಾಗದಲ್ಲಿ ನಿಂತಿದ್ದೀರಿ. ದುಡ್ಡು ಇರಲಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಅದೇ ಎಂಟು ತಿಂಗಳಲ್ಲಿ ಕುಕ್ಕರ್ ತಗೊಂಡಿದ್ದೆ, ಆಫರ್ ಇತ್ತು ಅಂತ. ಹಲ್ಲಿನ 1,200 ಖರ್ಚು ಮಾಡಲಿಲ್ಲವಲ್ಲ, ಅದನ್ನು ಉಳಿತಾಯ ಅಂದುಕೊಂಡೆ. ಲೆಕ್ಕದ ಪುಸ್ತಕದ ದೋಷ ಇದೇ. ಕೊಟ್ಟ ದುಡ್ಡು ಅದರಲ್ಲಿ ಕಾಣುತ್ತೆ. ಕೊಡದೆ ಬಿಟ್ಟದ್ದು ಒಳಗೊಳಗೇ ಬೆಳೆಯುತ್ತಿರುವುದು ಕಾಣಲ್ಲ. ಹಾಲು ಅರ್ಧ ಲೀಟರ್ ಕಡಿಮೆ ತಂದರೆ ಉಳಿದ ದುಡ್ಡು ಉಳಿದ ಹಾಗೇ. ಹುಳುಕು ಹಾಗಲ್ಲ. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ ದೊಡ್ಡವರ ಹಲ್ಲಿಗಿಂತ ತೆಳು. ಹುಳುಕು ಬೇಗ ಒಳಗಿನ ನರ ಮುಟ್ಟಿಬಿಡುತ್ತೆ.

ಇನ್ನೊಂದು ಮೋಸ ಹೋದೆ. ಐದನೇ ತಿಂಗಳಿಗೆ ಹುಡುಗ ತಣ್ಣಗಿನ ನೀರು ಕುಡಿದಾಗ "ಅಮ್ಮಾ, ಜುಂ ಅನ್ನುತ್ತೆ" ಅನ್ನುತ್ತಿದ್ದ. ಅತ್ತೆ ಲವಂಗ ಇಟ್ಟರು. ಕೆಲವು ದಿನ ರಾತ್ರಿಯೂ ಅಳುತ್ತಿದ್ದ. ಆಮೇಲೆ ನೋವು ತಾನೇ ನಿಂತಿತು. ಲವಂಗಕ್ಕೇ ವಾಸಿಯಾಯಿತು ಅಂತ ನಾನು ನಿರಾಳವಾದೆ. ಆಮೇಲೆ ಡಾಕ್ಟರು ಹೇಳಿದರು, ನೋವು ನಿಂತಿದ್ದು ನರ ಸತ್ತಿದ್ದರಿಂದ ಅಂತ. ನೋವಿನ ಹಲ್ಲು ತಾನೇ ತಣ್ಣಗಾದರೆ ಖುಷಿಪಡಬೇಡಿ.

ಮಗಳು ಹುಟ್ಟಿ ಇಪ್ಪತ್ತು ದಿನ ಆಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮಗನ ಕೆನ್ನೆ ಊದಿ, ಬಾಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡ ಹಾಗಿತ್ತು. ಮೈ ಸುಡುತ್ತಿತ್ತು. ಬಾಣಂತಿ ನಾನು ಹೋಗುವ ಹಾಗಿರಲಿಲ್ಲ. ಇವರು ರಜೆ ಹಾಕಿ ಕರಕೊಂಡು ಹೋದರು. ಬಿಲ್ಲು ಹೀಗೆ ಬಂತು: ಎಕ್ಸ್‌ರೇ 400, ಔಷಧಿ 350, ಒಂದು ಹಲ್ಲಿಗೆ ರೂಟ್ ಕೆನಾಲ್ 3,500, ಅದರ ಮೇಲೆ ಸ್ಟೀಲ್ ಕ್ಯಾಪ್ 2,500. ಇನ್ನೊಂದು ಉಳಿಯುವ ಹಾಗಿರಲಿಲ್ಲ, ಕಿತ್ತಿದ್ದಕ್ಕೆ 600. ಕಿತ್ತ ಜಾಗಕ್ಕೆ ತಂತಿ ಹಾಕಿದ್ದಕ್ಕೆ 3,200. ಒಟ್ಟು 10,550. ಸ್ತ್ರೀಶಕ್ತಿ ಸಂಘದಲ್ಲಿ 10 ಸಾವಿರ ಸಾಲ ಎತ್ತಿದೆ. ಅದರ ಕಂತು ತೀರುವ ಹೊತ್ತಿಗೆ ಮಗಳು ಅಂಬೆಗಾಲಿಡುತ್ತಿದ್ದಳು.

ಕಿತ್ತ ಮೇಲೆ ತಂತಿ ಯಾಕೆ, ಅದೂ ಬಿದ್ದುಹೋಗುವ ಹಲ್ಲಿಗೆ ಅಂತ ಇವರು ಜಗಳಕ್ಕೆ ನಿಂತರಂತೆ. ಡಾಕ್ಟರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೀರಲ್ಲ, ಹಾಲುಹಲ್ಲು ಆ ಟವೆಲ್ ಇದ್ದ ಹಾಗೆ, ಅದನ್ನು ಕಿತ್ತ ಮೇಲೆ ಆ ಸೀಟು ಕಾಯುವುದು ಈ ತಂತಿ ಅಂದರಂತೆ. ದವಡೆಯ ಹಾಲುಹಲ್ಲು ಆರು ವರ್ಷಕ್ಕೆ ಬೀಳುವುದಿಲ್ಲ, ಒಂಬತ್ತರಿಂದ ಹನ್ನೆರಡು ವರ್ಷದವರೆಗೂ ಇರುತ್ತೆ. ಆರು ವರ್ಷಕ್ಕೆ ಉದುರಲು ಶುರುವಾಗುವುದು ಮುಂದಿನವು. ಅದೇ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ಹಲ್ಲು ಸದ್ದಿಲ್ಲದೆ ಬರುತ್ತೆ, ಅದು ಜೀವನಪೂರ್ತಿ ಇರಬೇಕಾದ್ದು. ಮುಂದಿನ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಸರಿದು ಕೂತುಬಿಡುತ್ತೆ. ಆಮೇಲೆ ಅಲ್ಲಿ ಬರಬೇಕಾದ ಹಲ್ಲಿಗೆ ಸೀಟಿಲ್ಲ. ಅದು ಸೊಟ್ಟಗೆ ಬಂದರೆ ಕ್ಲಿಪ್ ಹಾಕಿಸಬೇಕು, ಅದರ ಖರ್ಚಂತೂ ಕೇಳಲೇಬೇಡಿ.

ಇನ್ನು ನಿಮ್ಮ ಪಟ್ಟಿಗೆ ಬರುತ್ತೇನೆ. ಹೋಲ್‌ಸೇಲ್‌ನಲ್ಲಿ ಬಿಸ್ಕೆಟ್ ಬಾಕ್ಸ್ ತಂದಿಟ್ಟು ಶಾಲೆಯ ಡಬ್ಬಿಗೆ ಹಾಕುತ್ತೇವೆ, ತುಂಬಾ ಉಳಿಯುತ್ತೆ ಅಂದಿದ್ದೀರಿ. ನಾನು ಒಪ್ಪಲ್ಲ. ನಾನೂ ಮಂಡಿಪೇಟೆಯಿಂದ ಬಾಕ್ಸ್‌ಗಟ್ಟಲೆ ತರುತ್ತಿದ್ದೆ. ಮನೆಯಲ್ಲಿ ಬಾಕ್ಸ್ ಇದ್ದರೆ ಮಗು ದಿನಕ್ಕೆ ನಾಲ್ಕು ಸಲ ಕೇಳುತ್ತೆ, ನಾವೂ ಕೊಟ್ಟುಬಿಡುತ್ತೇವೆ. ಬಿಸ್ಕೆಟ್ ಹಿಟ್ಟು ದವಡೆ ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತೆ. ಅದರ ಜೊತೆ ನನ್ನ ಹುಡುಗನಿಗೆ ಮೂರು ವರ್ಷದವರೆಗೂ ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲೇ ಇರುತ್ತಿತ್ತು. ನಿಮ್ಮ ಚಿಕ್ಕವನಿಗೆ ಎರಡು ವರ್ಷ ಅಂದಿರಿ. ಬಾಟಲಿ ಇದ್ದರೆ ಈಗಲೇ ಬಿಡಿಸಿ.

ಈಗ ನಮ್ಮ ಮನೆಯ ಡಬ್ಬಿಗೆ ಮಂಡಕ್ಕಿ, ಶೇಂಗಾ, ಇಲ್ಲವೇ ಒಂದು ಬಾಳೆಹಣ್ಣು. ನಮ್ಮೂರು ಮಂಡಕ್ಕಿ ಭಟ್ಟಿಗಳ ಊರು, ಬಿಸಿ ಮಂಡಕ್ಕಿ ಸುಲಭಕ್ಕೆ ಸಿಗುತ್ತೆ. ನಿಮ್ಮಲ್ಲಿ ಅವಲಕ್ಕಿ ಸಿಗಬಹುದು. ಎರಡು ವರ್ಷದವನಿಗೆ ಮಾತ್ರ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಪೇಸ್ಟಿನಲ್ಲೂ ಉಳಿಸಬಹುದು, ಇದನ್ನು ಯಾರೂ ಹೇಳಲ್ಲ. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಹಾಕುತ್ತಾರಲ್ಲ, ಅಷ್ಟು ಬೇಡ. ಫ್ಲೋರೈಡ್ ಇರುವ ಪೇಸ್ಟು, ಮೂರು ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ಚಿಕ್ಕದಕ್ಕೆ ಅಕ್ಕಿ ಕಾಳಿನಷ್ಟು. ಆದರೆ ಉಜ್ಜುವುದು ನೀವೇ. ಐದು ವರ್ಷದ ಮಗು ತಾನೇ ಉಜ್ಜಿಕೊಳ್ಳುತ್ತೆ ಅನ್ನುವುದು ನಮ್ಮ ಭ್ರಮೆ, ಅದು ಪೇಸ್ಟು ತಿನ್ನುತ್ತಿರುತ್ತೆ.

ಬಟ್ಟೆ, ಆಟದ ಸಾಮಾನು, ಹುಟ್ಟುಹಬ್ಬ, ಇವುಗಳಲ್ಲಿ ಎಷ್ಟು ಬೇಕಾದರೂ ಕೈ ಬಿಗಿ ಹಿಡಿಯಿರಿ. ನಾದಿನಿ ಮಕ್ಕಳ ಬಟ್ಟೆ ನನ್ನ ಮಕ್ಕಳು ಹಾಕಿದರು, ನನ್ನ ಮಕ್ಕಳದು ಎದುರು ಮನೆಗೆ ಹೋಯಿತು. ಯೂನಿಫಾರ್ಮ್ ಹೊಲಿಸುವಾಗ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡಿಸಿದರೆ ಎರಡು ವರ್ಷ ಬರುತ್ತೆ. ಚುಚ್ಚುಮದ್ದು ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಹಾಕಿಸಿ. ಪುಕ್ಕಟೆ, ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪು ಮಾಡುತ್ತಾರೆ. ಐದು ವರ್ಷಕ್ಕೆ ಒಂದು ಬೂಸ್ಟರ್ ಇದೆ, ಮಗಳದು ಆಗಿದೆಯಾ ತಾಯಿ ಕಾರ್ಡ್ ನೋಡಿ.

ನಾನು ಈಗಲೂ ಲೆಕ್ಕ ಬರೆಯುತ್ತೇನೆ. ಆದರೆ ಹಲ್ಲು, ಕಣ್ಣು, ಜ್ವರಕ್ಕೆ ಅಂತ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತಿಂಗಳಿಗೆ 300 ಬೇರೆ ಹಾಕುತ್ತೇನೆ. ಸಂಬಳ ಬಂದ ದಿನವೇ. ಅದಕ್ಕೆ ಪುಸ್ತಕದಲ್ಲಿ ಜಾಗ ಇಲ್ಲ.

ಮಗನಿಗೆ ಈಗ ಹನ್ನೆರಡು. ತಂತಿ ಕಾಯ್ದಿಟ್ಟ ಜಾಗದಲ್ಲಿ ಹಲ್ಲು ನೆಟ್ಟಗೆ ಬಂದಿದೆ. ಮಗಳಿಗೆ ಹೋದ ವರ್ಷ ಒಂದು ಕರಿ ಚುಕ್ಕೆ ಕಂಡ ವಾರದಲ್ಲೇ ಡೆಂಟಲ್ ಕಾಲೇಜಿಗೆ ಕರಕೊಂಡು ಹೋದೆ. ಊರಲ್ಲೇ ಎರಡು ಡೆಂಟಲ್ ಕಾಲೇಜು ಇದ್ದರೂ 2018ರಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ ನೋಡಿ. ಕಲಿಯುವ ಹುಡುಗರು ಮಾಡುತ್ತಾರೆ, ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಹೊರಗಿನ ಕ್ಲಿನಿಕ್ಕಿನ ಅರ್ಧ ದುಡ್ಡೂ ಆಗಲಿಲ್ಲ.

ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಮಗಳ ಬಾಯಿ ನೋಡಿ. ಬರೀ ಗುಂಡಿ ಇದ್ದರೆ ಈ ವಾರ ಹೋಗಿ. ಆ ಹಲ್ಲಿನ ಹತ್ತಿರ ವಸಡಿನ ಮೇಲೆ ಸಣ್ಣ ಗುಳ್ಳೆ ಕಂಡರೆ ನಾಳೆಯೇ ಹೋಗಿ. ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಹತ್ತಿರದಲ್ಲಿ ಡೆಂಟಲ್ ಕಾಲೇಜು ಇದ್ದರೆ ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಮಧ್ಯಾಹ್ನದ ಊಟ ಕಟ್ಟಿಕೊಂಡೇ ಹೋಗಿ, ಬಹಳ ಹೊತ್ತು ಕೂರಿಸುತ್ತಾರೆ.