ಸ್ಟುಡಿಯೋದ ಹಳೆಯ ಕ್ಯಾಮೆರಾ ಎಷ್ಟು ದುಡಿದಿದೆ?

ಪ್ರಶ್ನೆ: ಮದುವೆ ಫೋಟೋ ತೆಗೆಯುವ ಕೆಲಸ ಶುರು ಮಾಡಬೇಕೆಂದಿದ್ದೇನೆ. ಹುಬ್ಬಳ್ಳಿಯ ಸ್ಟುಡಿಯೋದವರೊಬ್ಬರು ತಮ್ಮ ನಿಕಾನ್ ಡಿ7200 ಮಾರುತ್ತಿದ್ದಾರೆ. ‘ಹೆಚ್ಚು ಬಳಸಿಲ್ಲ’ ಎಂದು ಮೆನುವಿನ ಬ್ಯಾಟರಿ ಮಾಹಿತಿ ತೆರೆದು 340 ಶಾಟ್ ತೋರಿಸಿದರು. ಕೊನೆಯ ಫೋಟೋದ ಫೈಲ್ ಸಂಖ್ಯೆ ನೋಡಿದರೆ 2716. ಯಾವುದನ್ನು ನಂಬಲಿ?
– ಓದುಗರು, ರಾಣೆಬೆನ್ನೂರು

ಉತ್ತರ: ಎರಡನ್ನೂ ನಂಬಬೇಡಿ. ಬ್ಯಾಟರಿ ಮಾಹಿತಿಯಲ್ಲಿರುವುದು ಕಳೆದ ಸಲ ಚಾರ್ಜ್ ಮಾಡಿದ ಮೇಲೆ ತೆಗೆದ ಫೋಟೋಗಳ ಲೆಕ್ಕ. ಇಂದು ರಾತ್ರಿ ಚಾರ್ಜಿಗೆ ಹಾಕಿದರೆ ನಾಳೆ ಸೊನ್ನೆ. ಫೈಲ್ ಸಂಖ್ಯೆಯೋ, 9999 ಮುಟ್ಟಿದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ನೀವು ಕಂಡ 2716 ನಿಜದಲ್ಲಿ ಸುಮಾರು 12,700 ಆಗಿರಬಹುದು, 1,02,700 ಕೂಡ ಆಗಿರಬಹುದು. ಮಾರುವವರು ಬೇಕೆಂದೇ ಸುಳ್ಳು ಹೇಳಿದರು ಎನ್ನಲಾರೆ; ಇದು ಗೊತ್ತಿಲ್ಲದ ಸ್ಟುಡಿಯೋದವರೂ ಇದ್ದಾರೆ.

ನಿಮಗೆ ಬೇಕಿರುವುದು ಶಟರ್ ಕೌಂಟ್, ಅಂದರೆ ಬೆಳಕನ್ನು ಒಳಬಿಡುವ ಪರದೆ (ಶಟರ್) ಇದುವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕ. ನಿಕಾನ್ ಡಿಎಸ್ಎಲ್ಆರ್ ಅದನ್ನು ಪ್ರತಿ ಫೋಟೋದ ಫೈಲಿನೊಳಗೇ ಬರೆದಿಡುತ್ತದೆ. ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಒಂದು ಫೋಟೋ ತೆಗೆಯಿರಿ. ಅದನ್ನು ಲ್ಯಾಪ್‌ಟಾಪಿನಲ್ಲಿ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ತೆರೆದರೆ ಸಂಖ್ಯೆ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ಬೇಡ, ದಾರಿಯಲ್ಲೇ ಈ ಮಾಹಿತಿ ಅಳಿಸಿಹೋಗಿರುತ್ತದೆ. (ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಈ ಉಪಾಯ ನಡೆಯದು, ಕೇಬಲ್ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು.)

ಡಿ7200ರ ಶಟರನ್ನು ನಿಕಾನ್ 1,50,000 ಕ್ಲಿಕ್‌ಗಳವರೆಗೆ ಪರೀಕ್ಷಿಸಿದೆ. ಅದನ್ನು ದಾಟಿದ ಮರುದಿನವೇ ಕೆಡುತ್ತದೆಂದಲ್ಲ. ಆದರೆ ಅರಿಶಿನ ಹಚ್ಚುವುದರಿಂದ ಆರತಕ್ಷತೆಯವರೆಗೆ ಒಂದು ಮದುವೆಗೆ 2,000 ಕ್ಲಿಕ್ ಹಿಡಿದರೂ 75 ಮದುವೆಗಳಲ್ಲಿ ಅಷ್ಟಾಯಿತು. ಕೈತುಂಬ ಕೆಲಸವಿರುವ ಸ್ಟುಡಿಯೋಗೆ ಅದೇನು ದೊಡ್ಡ ಲೆಕ್ಕವಲ್ಲ.

ಈ ಸಂಖ್ಯೆ ಹೇಳದ ಸಂಗತಿಯೂ ಒಂದಿದೆ: ವಿಡಿಯೊ. ಗಂಟೆಗಟ್ಟಲೆ ವಿಡಿಯೊ ತೆಗೆದರೂ ಕೌಂಟ್ ಏರುವುದು ನಾಲ್ಕಾರು ಮಾತ್ರ. ಆದ್ದರಿಂದ ಕ್ಯಾಮೆರಾದ ಮೈ ನೋಡಿ. ಫ್ಲ್ಯಾಶ್ ಕೂರಿಸುವ ಜಾಗದ ಕಪ್ಪು ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ, ಹಿಡಿಕೆಯ ರಬ್ಬರ್ ಎದ್ದಿದ್ದರೆ ‘ಹೆಚ್ಚು ಬಳಸಿಲ್ಲ’ ಎಂಬ ಮಾತನ್ನು ಅಲ್ಲಿಗೇ ಬಿಡಿ. ಡಯಲ್‌ಗಳ ಸಂದಿಯಲ್ಲಿ ಹಳದಿ ಪುಡಿ ಕಂಡರೆ ಅದು ಮದುವೆ ಮನೆಯ ಅರಿಶಿನವೋ ನಿಮ್ಮ ದೇವರಗುಡ್ಡದ ಜಾತ್ರೆಯ ಭಂಡಾರವೋ ಇರಬೇಕು. ಡಯಲ್ ತಿರುಗಿಸಿದಾಗ ಅಂಕಿ ಹಾರದೆ ಒಂದೊಂದಾಗಿ ಬದಲಾಗುತ್ತದೆಯೇ ಪರೀಕ್ಷಿಸಿ.

ಬಳಿಕ ಹಗಲು ಬೆಳಕಿನಲ್ಲಿ ಬಿಳಿ ಗೋಡೆಯನ್ನು 1/8000 ಸೆಕೆಂಡ್ ಶಟರ್ ವೇಗದಲ್ಲಿ ಹತ್ತಾರು ಸಲ ತೆಗೆಯಿರಿ. ಚಿತ್ರದ ಒಂದು ಅಂಚು ಮತ್ತೆ ಮತ್ತೆ ಕಪ್ಪಾದರೆ ಶಟರ್ ಪರದೆ ಸೋತಿದೆ. ಕೌಂಟ್ ಎಷ್ಟೇ ಕಡಿಮೆಯಿದ್ದರೂ ಬೇಡ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳಿಗೆ ಹೆದರಬೇಕಿಲ್ಲ, ಶುಚಿ ಮಾಡಿಸಬಹುದು.

ಕೌಂಟ್ 70,000ದ ಒಳಗಿದ್ದು ಉಳಿದದ್ದು ಸರಿಯಿದ್ದರೆ ನಾನಾದರೆ ಕೊಳ್ಳುತ್ತೇನೆ. ಲಕ್ಷ ದಾಟಿದ್ದರೆ ಹೊಸ ಶಟರ್ ಹಾಕಿಸುವ ಖರ್ಚನ್ನು ಸರ್ವಿಸ್ ಸೆಂಟರಿನಲ್ಲಿ ಮೊದಲೇ ವಿಚಾರಿಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಹಣ ಕೊಡುವ ಮುನ್ನ ಮೂಲ ಬಿಲ್ಲಿನ ಸೀರಿಯಲ್ ನಂಬರನ್ನು ಕ್ಯಾಮೆರಾದ ಮೇಲಿರುವ ನಂಬರಿನ ಜೊತೆ ತಾಳೆ ನೋಡಿ.