ಜರ್ಮನಿಗೆ ನಾಯಿ ಕರೆದೊಯ್ಯಲು ಎರಡು ತಿಂಗಳು ಸಾಲದು

ಬೆಂಗಳೂರಿನಿಂದ ಎರಡು ತಿಂಗಳಲ್ಲಿ ಮ್ಯೂನಿಕ್‌ಗೆ ಹೊರಟಿದ್ದೀರಿ, ನಾಯಿಗೆ ರೇಬೀಸ್ ಲಸಿಕೆ ಆಗಿದೆ, ಗುರುತಿಗೆ ಚರ್ಮದಡಿ ಇಡುವ ಚಿಪ್ ಇನ್ನೂ ಹಾಕಿಸಿಲ್ಲ ಅಂದಿದ್ದೀರಿ. ಹಾಗಿದ್ದರೆ ಅದು ನಿಮ್ಮ ಜೊತೆಗೇ ಬರೋದು ಕಷ್ಟ.

ಚಿಪ್‌ಗಿಂತ ಮುಂಚೆ ಕೊಟ್ಟ ಲಸಿಕೆಯನ್ನು ಯುರೋಪಿಯನ್ ಒಕ್ಕೂಟದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಳೆಯೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ 15 ಅಂಕಿಯ ಚಿಪ್ ಹಾಕಿಸಿ, ಆಮೇಲೆ ಮತ್ತೆ ಲಸಿಕೆ ಕೊಡಿಸಿ. ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಸಿ, ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬ್‌ಗೇ ಕಳಿಸಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ ರೇಬೀಸ್ ಪ್ರತಿಕಾಯ ಎಷ್ಟಿದೆ ಅಂತ ಅವರು ನೋಡುತ್ತಾರೆ; ಅದು ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಇದರಲ್ಲಿ ರಿಯಾಯಿತಿ ಇಲ್ಲ, ಏಜೆಂಟ್ ಏನೇ ಹೇಳಲಿ ನಂಬಬೇಡಿ.

ಲ್ಯಾಬ್ ಚೀಟಿಯಲ್ಲಿ ಚಿಪ್ ನಂಬರಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ. ಒಂದು ಅಂಕಿ ಆಚೀಚೆ ಆದರೂ ತಕರಾರು ಶುರು.

ನೀವು ಮೊದಲು ಹೋಗಿ, ಮನೆಯವರು ಆಮೇಲೆ ನಾಯಿಯನ್ನು ಕಳಿಸೋದು ಸುಲಭ ಅನ್ನಿಸಬಹುದು. ಆದರೆ ನಿಮ್ಮ ಪ್ರಯಾಣಕ್ಕೂ ಅದರ ಪ್ರಯಾಣಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರವಾದರೆ ವಾಣಿಜ್ಯ ಸಾಗಣೆಯ ನಿಯಮ ಬೀಳುತ್ತದೆ. ಅದಕ್ಕಿಂತ ನೀವೇ ಒಮ್ಮೆ ರಜೆಗೆ ಬಂದು ಕರೆದುಕೊಂಡು ಹೋಗೋದು ವಾಸಿ. ಅಷ್ಟರಲ್ಲಿ ಮನೆಯವರು ಅದನ್ನು ಪ್ರಯಾಣದ ಪಂಜರದಲ್ಲಿ ಮಲಗಲು ರೂಢಿ ಮಾಡಿಸಲಿ.