ಕೆಂಡದ ಮೇಲೆ ಆಗಲೇ ಇದ್ದ ಮೀನು

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಾವಣಗೆರೆಯ ಮಂಡಕ್ಕಿ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ಐವತ್ತರ ಆಸುಪಾಸಿನ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯ (ಚರ್ಚಿನ) ಹೆಣ್ಣುಮಗಳೊಬ್ಬರು ಈಸ್ಟರ್ ಕಳೆದ ಎರಡನೆಯ ವಾರದಲ್ಲಿ ಸಲಹೆ ಕೇಳಲು ನನ್ನ ಬಳಿಗೆ ಬಂದರು. ಹೇಳಿಕೊಂಡ ತೊಂದರೆ ನಿದ್ದೆಯದು. ಆದರೆ ಕುಳಿತ ಐದು ನಿಮಿಷಕ್ಕೇ ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎಡಪುಟದಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರದಿಂದ ಮೊದಲುಗೊಂಡು ದಿನಕ್ಕೊಂದು ಸಾಲು: ಉಪವಾಸ, ಓದಿದ ಅಧ್ಯಾಯ, ಮೊಣಕಾಲೂರಿದ ನಿಮಿಷ. ಬಲಪುಟದಲ್ಲಿ ಬೆಂಗಳೂರಿನಲ್ಲಿರುವ ಮಗನ ಸುದ್ದಿ: ಫೋನ್ ಎತ್ತಿದನೇ, ಆರಾಧನೆಗೆ ಹೋದನೇ. ಅದು ಬಹುಪಾಲು ಖಾಲಿ. "ನನ್ನ ಕಡೆಯಿಂದ ಒಂದು ದಿನವೂ ತಪ್ಪಿಲ್ಲ, ಆ ಕಡೆಯಿಂದ ಏನೂ ಜಮಾ ಆಗಿಲ್ಲ" ಎಂದರು. ಆ ಕಡೆ ಎಂದರೆ ಮಗನೋ ದೇವರೋ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು.

ಸಾಲುಗಳನ್ನು ಎಣಿಸಿದೆ, 46 ಇದ್ದವು. ತಪಸ್ಸಿನ ಕಾಲವೆನ್ನುವ ಈ ಉಪವಾಸದ 40 ದಿನಗಳ ಲೆಕ್ಕಕ್ಕೆ ಭಾನುವಾರಗಳು ಸೇರುವುದಿಲ್ಲ, ಏಕೆಂದರೆ ಪ್ರತಿ ಭಾನುವಾರವೂ ಯೇಸು ಸಾವಿನಿಂದೆದ್ದ ಪುನರುತ್ಥಾನದ ದಿನವೇ. ಇವರು ಆ ಆರು ಭಾನುವಾರಗಳಲ್ಲೂ ಊಟ ಬಿಟ್ಟಿದ್ದರು. ಅದೇ ಸಭಾ ಪಂಚಾಂಗವು ಈಸ್ಟರ್‌ನಿಂದ ಪವಿತ್ರಾತ್ಮನು ಇಳಿದುಬಂದದ್ದನ್ನು ನೆನೆಯುವ ಪೆಂತೆಕೋಸ್ತಿನವರೆಗೆ 50 ದಿನಗಳನ್ನು ಹಬ್ಬಕ್ಕೆಂದು ಕೊಟ್ಟಿದೆ. ಉಪವಾಸದ ಕಾಲದಲ್ಲಿ ಅವರಿಗೆ ಮಾಡಲು ಕೆಲಸವಿತ್ತು, ಹಬ್ಬದ ಕಾಲದಲ್ಲಿ ಕೈ ಬರಿದಾಯಿತು. ನಿದ್ದೆ ಕೆಟ್ಟದ್ದೂ ಆಗಲೇ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. "ಮಗನನ್ನು ದೇವರ ಕೈಗೆ ಒಪ್ಪಿಸಿಬಿಡಿ" ಎಂದು ಎಲ್ಲರೂ ಹೇಳುವ ಮಾತನ್ನೇ ಹೇಳಿ ಕಳಿಸಿದೆ. ಮುಂದಿನ ವಾರ ಪುಸ್ತಕದಲ್ಲಿ 'ಒಪ್ಪಿಸಿದ್ದು' ಎಂಬ ಹೊಸ ಕಲಂ ಹುಟ್ಟಿತ್ತು, ದಿನಕ್ಕೆ ಎಷ್ಟು ಸಲವೆಂಬ ಅಂಕಿಯೊಂದಿಗೆ. ಬಿಟ್ಟುಕೊಡುವುದೂ ಅವರ ಕೈಯಲ್ಲಿ ಇನ್ನೊಂದು ದುಡಿಮೆಯಾಗಿತ್ತು.

ಆ ದಿನ ಇಬ್ಬರೂ ಕೂಡಿ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ಓದಿದೆವು. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಾದ ಶಿಷ್ಯರು, ಬೆಳಗಾದ ಮೇಲೆ ಯೇಸುವಿನ ಮಾತಿನಂತೆ ಬಲೆ ಹಾಕಿ 153 ಮೀನು ಹಿಡಿದು ದಡಕ್ಕೆ ಬಂದಾಗ, ಕೆಂಡದ ಮೇಲೆ ಮೀನು ಆಗಲೇ ಇತ್ತು, ರೊಟ್ಟಿಯೂ ಇತ್ತು. ಅವರ ಮೀನಿಗಾಗಿ ಯೇಸು ಕಾದಿರಲಿಲ್ಲ. ಹಾಗೆಂದು ಅದನ್ನು ಬೇಡವೆನ್ನಲೂ ಇಲ್ಲ, ನೀವು ಹಿಡಿದದ್ದರಲ್ಲೂ ಕೆಲವನ್ನು ತನ್ನಿ ಎಂದನು. ಕೃಪೆ ಯಾವುದು, ಅದಕ್ಕೆ ನಮ್ಮ ಪ್ರತಿಕ್ರಿಯೆ ಯಾವುದು, ಎರಡರಲ್ಲಿ ಮೊದಲು ಯಾವುದು ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಸಿಕ್ಕಿಲ್ಲ. ಇನ್ನೊಂದನ್ನು ಆ ಹೆಣ್ಣುಮಗಳೇ ಕಂಡುಕೊಂಡರು: ಯೇಸು ಸೆರೆಯಾದ ರಾತ್ರಿ ಶಿಷ್ಯ ಪೇತ್ರನು ಅವನನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದದ್ದೂ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಲೇ. "ಇಲ್ಲಿ ಯೇಸು ಅದರ ಬಾಕಿ ಕೇಳಲೇ ಇಲ್ಲವಲ್ಲ, ಪ್ರೀತಿಸುತ್ತೀಯಾ ಎಂದಷ್ಟೇ ಕೇಳಿದ" ಎಂದು ಪುಟದ ಮೇಲೆ ಬೆರಳಿಟ್ಟುಕೊಂಡೇ ಕುಳಿತರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಪೆಂತೆಕೋಸ್ತಿನವರೆಗೆ ಯಾವ ಹೊಸ ಹರಕೆಯೂ ಬೇಡ. ದಿನಕ್ಕೆ ಆರು ಸಲ ಮಾಡುತ್ತಿದ್ದ ಫೋನನ್ನು ಭಾನುವಾರ ಸಂಜೆ ಒಂದಕ್ಕೆ ಇಳಿಸಬೇಕು, ಸಭೆಯ ಮಾತನ್ನು ಮಗನೇ ಎತ್ತುವವರೆಗೆ ತಾವು ಎತ್ತಬಾರದು. ವಾರಕ್ಕೊಂದು ಹೊತ್ತು ಬೇರೆಯವರು ಮಾಡಿ ಬಡಿಸಿದ್ದನ್ನು ಕುಳಿತು ಉಣ್ಣಬೇಕು. ಮೂರನೆಯದೇ ಅವರಿಗೆ ಕಷ್ಟವೆನಿಸಿತು; ಮದುವೆಯಾದಾಗಿನಿಂದ ಗಂಡನನ್ನು ಒಲೆಯ ಬಳಿ ಬಿಟ್ಟವರೇ ಅಲ್ಲ. ಮಗನ ಹೊಣೆಯಿಂದ ಕೈತೊಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಅವನ ನಂಬಿಕೆಯ ಲೆಕ್ಕ ಬರೆಯುವ ಹೊಣೆ ಮಾತ್ರ ನಿಮ್ಮದಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಜೊತೆಗೆ, ಪ್ರಾರ್ಥನೆಯನ್ನು ಎಣಿಸುವುದು ಕೆಲವರಲ್ಲಿ ಗೀಳು ಕಾಯಿಲೆಯ ಲಕ್ಷಣವೂ ಆಗಿರಬಹುದಾದ್ದರಿಂದ ಮನೋವೈದ್ಯರಿಗೆ ಪತ್ರ ಕೊಟ್ಟೆ. ವಿಶ್ವಾಸ ಕಡಿಮೆಯಾಯಿತೆಂದು ಜನ ಆಡಿಕೊಳ್ಳುವರೆಂಬ ಅಂಜಿಕೆಯಿಂದ ಎರಡು ವಾರ ತಡಮಾಡಿ ಹೋದರು.

ಐದನೆಯ ಭೇಟಿಯ ಹೊತ್ತಿಗೆ ನಿದ್ದೆ ತುಸು ಸುಧಾರಿಸಿತ್ತು. ಒಂದು ಬುಧವಾರ ತಡೆಯಲಾರದೆ ನಾಲ್ಕು ಸಲ ಫೋನ್ ಮಾಡಿದ್ದನ್ನು ತಾವೇ ಹೇಳಿದರು. ಭಾನುವಾರ ಗಂಡ ಒಗ್ಗರಣೆ ಮಂಡಕ್ಕಿ ಮಾಡಿದ್ದರಂತೆ; ಮಂಡಕ್ಕಿಯನ್ನು ಜಾಸ್ತಿ ಹೊತ್ತು ನೆನೆಸಿ ಮುದ್ದೆಯಾಗಿಸಿದ್ದರೂ ಎದ್ದು ಹೋಗಿ ಸರಿಮಾಡದೆ ತಿಂದೆ ಎಂದರು. ಮಗ ಇನ್ನೂ ಊರಿಗೆ ಬಂದಿಲ್ಲ. ಆ ಲೆಕ್ಕದ ಪುಸ್ತಕ ಈಗ ಅಂಗಡಿಯ ಡ್ರಾಯರಿನಲ್ಲಿದೆಯಂತೆ, ಬೀಗ ಹಾಕಿಲ್ಲ.